ಪಲ್ಪರ್ ತೊಟ್ಟಿಯಲ್ಲಿ ಕಲಿತ ಬೆನ್ನಿನ ಪಾಠ

ಚಿಕ್ಕಮಗಳೂರಿನಲ್ಲಿ ಫಿಸಿಯೋಥೆರಪಿ ಶುರು ಮಾಡಿದ ಹೊಸದರಲ್ಲಿ ಸೊಂಟನೋವು ಎಂದು ಬಂದವರಿಗೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು: "ಡಿಸ್ಕ್ ಸವೆದಿದೆ." ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕಿಗೂ ಲಾರಿ ಟೈರಿನ ಲೆಕ್ಕ. ಅದನ್ನು ಕೇಳಿದ ಆಲ್ದೂರು ಕಡೆಯ ಬೆಳೆಗಾರರೊಬ್ಬರು ಎರಡು ತಿಂಗಳು ಬೆಲ್ಟ್ ಬಿಗಿದುಕೊಂಡು ಮಂಚ ಹಿಡಿದರು. ಮತ್ತೆ ಬಂದಾಗ ತೊಡೆ ಸೊರಗಿತ್ತು. ತಪ್ಪು ನನ್ನದೇ.

ಸರಿಯಾದ ಮಾತು ಸಿಕ್ಕಿದ್ದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಅವರ ಪಲ್ಪರ್ ಮನೆಯಲ್ಲಿ. ಸಿಪ್ಪೆ ತೆಗೆದ ಅರೇಬಿಕಾ ತೊಟ್ಟಿಯಲ್ಲಿತ್ತು. ಒಂದು ಹಿಡಿ ಎತ್ತಿದರೆ ಬೀಜ ಬೆರಳ ಸಂದಿಯಿಂದ ಜಾರುತ್ತಿತ್ತು. ಮಾರನೇ ದಿನ ಉಜ್ಜಿ ನೋಡಿದೆ, ಜಲ್ಲಿಯ ಹಾಗೆ ಗರಗರ.

"ಲೋಳೆ ಎಲ್ಲೋಯ್ತು ಗೌಡ್ರೇ?"

"ಹುಳಿ ಬಂತಲ್ಲ ಡಾಕ್ಟ್ರೇ, ಬಿಟ್ಕೊಳ್ತು."

ಹುಳಿ ಬರಿಸುವ ಸೂಕ್ಷ್ಮಜೀವಿಗಳ ಕಿಣ್ವ ಲೋಳೆಯನ್ನು ಅಂಟಾಗಿಸುವ ಪೆಕ್ಟಿನ್ನನ್ನು ಕಡಿಯುತ್ತದೆ. ಡಿಸ್ಕಿನ ನಡುವೆ ಇರುವುದೂ ನೀರು ಹೀರಿಕೊಂಡ ಲೋಳೆಯೇ. ಅಗ್ರಿಕ್ಯಾನ್ ಎಂಬ ದೊಡ್ಡ ಅಣು ನೀರು ಹಿಡಿದಿಟ್ಟರೆ, ಕೊಲಾಜನ್ ನಾರು ಎಲ್ಲವನ್ನೂ ಕಟ್ಟಿಡುತ್ತದೆ. ಅಗ್ರಿಕ್ಯಾನ್ ಕತ್ತರಿಸುವುದು ಮುಖ್ಯವಾಗಿ ಎಡಿಎಎಂಟಿಎಸ್-4 ಮತ್ತು 5 ಎಂಬ ಕಿಣ್ವಗಳು. ಕೊಲಾಜನ್ನಿಗೆ ಎಂಎಂಪಿ ಎಂಬ ಕಿಣ್ವಗಳ ಗುಂಪು. ಇಲ್ಲಿ ಹೊರಗಿನ ಹುಳಿ ಬೇಕಿಲ್ಲ, ಡಿಸ್ಕಿನ ಜೀವಕೋಶಗಳೇ ಈ ಕಿಣ್ವಗಳನ್ನು ಮಾಡಿಕೊಳ್ಳುತ್ತವೆ. ಹಳೆಯದನ್ನು ಕಡಿಯದೆ ಹೊಸದನ್ನು ಕಟ್ಟುವುದು ಹೇಗೆ? ಲಗಾಮಿಗೆ ಟಿಂಪ್ ಎಂಬ ಪ್ರೋಟೀನುಗಳಿವೆ. ವಯಸ್ಸು, ವಂಶ, ಬೀಡಿ, ಉರಿಯೂತ ಸೇರಿ ಲಗಾಮು ಸಡಿಲವಾದರೆ ಕಡಿಯುವ ಕೆಲಸ ಮುಂದೋಡುತ್ತದೆ. ಡಿಸ್ಕಿನೊಳಗೆ ರಕ್ತನಾಳಗಳೂ ಇಲ್ಲ. ಆಹಾರ ಮೇಲೆ ಕೆಳಗಿನ ಮೂಳೆಯಿಂದ ಒಸರಿ ಬರಬೇಕು. ರಿಪೇರಿ ನಿಧಾನ.

"ಹಂಗಾರೆ ಕಿಣ್ವ ನಿಲ್ಸೋ ಮಾತ್ರೆ ಬರೀರಿ" ಎಂದರು. ಅಂಥ ಮಾತ್ರೆಯಿಲ್ಲ. ಇದ್ದರೂ ನಾನು ಹಿಂಜರಿಯುತ್ತಿದ್ದೆ. ಡಿಸ್ಕ್ ಒಡೆದು ತುಣುಕು ಹೊರಗೆ ಚಾಚಿದಾಗ ಅದನ್ನು ಕರಗಿಸಲು ಬರುವ ರಕ್ಷಕ ಕೋಶಗಳ ಕೈಯಲ್ಲಿರುವುದೂ ಇದೇ ಎಂಎಂಪಿ. ಎಷ್ಟೋ ಜನರಿಗೆ ಆಪರೇಷನ್ನಿಲ್ಲದೆ ತಿಂಗಳುಗಳಲ್ಲಿ ಕಾಲುಸೆಳೆತ ಇಳಿಯುವುದರಲ್ಲಿ ಇದರ ಪಾಲೂ ಇದೆ. ವೈದ್ಯರು ಇದೇ ದಾರಿಯನ್ನು ಸೂಜಿಯಲ್ಲೂ ಹಿಡಿದರು: ಮಟನ್ ಮೆತ್ತಗಾಗಲೆಂದು ನಾವು ಹಾಕುವ ಪರಂಗಿಕಾಯಿಯ ಹಾಲಿನಿಂದ ತೆಗೆದ, ಡಿಸ್ಕಿಗೆ ಚುಚ್ಚುವ ಕೈಮೋಪಪೈನ್ ಎಂಬ ಕಿಣ್ವಕ್ಕೆ ಅಮೆರಿಕ 1982ರಲ್ಲಿ ಒಪ್ಪಿಗೆ ಕೊಟ್ಟಿತು. ಕೆಲವರಿಗೆ ಜೀವಕ್ಕೇ ಕುತ್ತಾಗುವಂಥ ಅಲರ್ಜಿ ಆಗಿ ಅದು ಮೂಲೆ ಸೇರಿತು. (ಪರಂಗಿ ತಿಂದರೆ ಡಿಸ್ಕ್ ಸರಿಹೋಗುವುದಿಲ್ಲ, ದಯವಿಟ್ಟು ಕೇಳಬೇಡಿ.)

ಗೌಡರಿಗೆ ಬೆಲ್ಟ್ ಬಿಡಿಸಿದೆ. ಮೊದಲ ವಾರ ಮನೆಯಿಂದ ಕಣದವರೆಗೆ ನಡಿಗೆ, ಆಮೇಲೆ ತೋಟದ ಏರು. ಐವತ್ತು ಕೆಜಿ ಮೂಟೆ ಸದ್ಯಕ್ಕೆ ಆಳುಗಳ ಪಾಲು, ಅದೂ ಇಬ್ಬರು ಹಿಡಿದು. ಪಾದ ಎತ್ತಲಾಗದಿದ್ದರೆ, ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಮಾತ್ರ ನನ್ನ ಹತ್ತಿರ ಬರಬೇಡಿ, ಅವತ್ತೇ ಸರ್ಜನ್ ಹತ್ತಿರ ಹೋಗಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.