ಬೇಸಿಗೆಯಲ್ಲಿ ಬಿಸಿಯಾಗಿ ತಾನಾಗಿಯೇ ಬಂದ್ ಆಗುವ ಡೆಸ್ಕ್‌ಟಾಪ್: ದೋಷ ಹುಡುಕುವ ಕ್ರಮ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಹಗಲಿನ ಉಷ್ಣಾಂಶ 42 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಚಳಿಗಾಲವಿಡೀ ಯಾವ ತಕರಾರೂ ಇಲ್ಲದೆ ನಡೆದ ಡೆಸ್ಕ್‌ಟಾಪ್ ಈ ತಿಂಗಳುಗಳಲ್ಲಿ ಮಾತ್ರ ಕೆಲಸದ ನಡುವೆ ಏಕಾಏಕಿ ಬಂದ್ ಆಗುತ್ತಿದ್ದರೆ, ಕಾರಣವನ್ನು ಒಂದು ಸರಳ ಲೆಕ್ಕದಲ್ಲಿ ಹಿಡಿಯಬಹುದು. ಫ್ಯಾನ್ ಮತ್ತು ಹೀಟ್‌ಸಿಂಕ್ (ಪ್ರೊಸೆಸರಿನ ಮೇಲೆ ಕೂರುವ, ಲೋಹದ ಹಾಳೆಗಳ ಗಟ್ಟಿ) ಗಾಳಿಯನ್ನು ತಂಪು ಮಾಡುವುದಿಲ್ಲ, ಪ್ರೊಸೆಸರಿನ ಶಾಖವನ್ನು ಕೋಣೆಯ ಗಾಳಿಗೆ ದಾಟಿಸುತ್ತವೆ ಅಷ್ಟೆ. ಆದ್ದರಿಂದ ಭಾರದ ಕೆಲಸದಲ್ಲಿ ಕೋಣೆಗಿಂತ 55 ಡಿಗ್ರಿ ಹೆಚ್ಚು ಬಿಸಿಯಾಗುವ ಪ್ರೊಸೆಸರ್, 25 ಡಿಗ್ರಿಯ ಕೋಣೆಯಲ್ಲಿ 80ಕ್ಕೆ ನಿಂತರೆ 42 ಡಿಗ್ರಿಯ ಕೋಣೆಯಲ್ಲಿ 97ರ ಹತ್ತಿರಕ್ಕೆ ಹೋಗುತ್ತದೆ. ಇಂಟೆಲ್‌ನ ಬಹುತೇಕ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿಯ ಆಸುಪಾಸಿನಲ್ಲಿದೆ. ಎಎಂಡಿ ರೈಜನ್‌ನ ಹಲವು ಮಾದರಿಗಳದ್ದು 95. ಮಿತಿ ಮುಟ್ಟಿದ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಅದರಿಂದಲೂ ಶಾಖ ಇಳಿಯದಿದ್ದರೆ ಸುಟ್ಟುಹೋಗದಿರಲೆಂದು ಯಂತ್ರವನ್ನೇ ಬಂದ್ ಮಾಡಿಸುತ್ತದೆ. ಬಂದ್ ಆಗುವ ಮುನ್ನ ಕಂಪ್ಯೂಟರ್ ನಿಧಾನವಾಗಿ, ಫ್ಯಾನಿನ ಸದ್ದು ಜೋರಾಗುತ್ತಿದೆಯೇ ಎಂಬುದನ್ನು ಗಮನಿಸಬೇಕಾದದ್ದು ಈ ಕಾರಣಕ್ಕೆ.

ಆದರೆ ಬೇಸಿಗೆಯಲ್ಲಿ ಬಂದ್ ಆದದ್ದೆಲ್ಲ ಶಾಖದಿಂದಲೇ ಎಂದು ತೀರ್ಮಾನಿಸುವಂತಿಲ್ಲ. ಇದೇ ದಿನಗಳಲ್ಲಿ ವೋಲ್ಟೇಜ್ ಏರಿಳಿತವೂ ಇರುತ್ತದೆ, ಹಳೆಯ ಯುಪಿಎಸ್ ಬ್ಯಾಟರಿ ಒಂದು ಕ್ಷಣದ ವಿದ್ಯುತ್ ಕಡಿತವನ್ನೂ ತಡೆದುಕೊಳ್ಳುವುದಿಲ್ಲ. ಬಂದ್ ಆದ ಗಳಿಗೆಯಲ್ಲಿ ಕೋಣೆಯ ದೀಪ ಮಿನುಗಿತೇ, ಯುಪಿಎಸ್ ಕೂಗಿತೇ ಎಂದು ನೋಡಿ. ಯಂತ್ರದಲ್ಲಿ ನಡೆದ ಘಟನೆಗಳ ದಾಖಲೆ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಸಿಕ್ಕಿದ ಕೂಡಲೇ ಅನೇಕರು ಅದನ್ನೇ ರೋಗವೆಂದು ಭಾವಿಸುತ್ತಾರೆ; ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲ ಎಂಬುದಕ್ಕಿಂತ ಹೆಚ್ಚಿನದನ್ನು ಆ ಸಂಖ್ಯೆ ಹೇಳುವುದಿಲ್ಲ. ಅದಕ್ಕಿಂತ ಉಪಯುಕ್ತವಾದದ್ದು ಮತ್ತೆ ಆನ್ ಮಾಡಿದಾಗಿನ ವರ್ತನೆ. ಕೂಡಲೇ ಆನ್ ಆಗಿ, ಮೊದಲಿಗಿಂತ ಬೇಗ ಬಂದ್ ಆಗಿ, ಅರ್ಧ ಗಂಟೆ ಆರಲು ಬಿಟ್ಟ ಮೇಲೆ ಮೊದಲಿನಷ್ಟು ಹೊತ್ತು ನಡೆದರೆ ಪ್ರೊಸೆಸರಿನ ಶಾಖವನ್ನು ಅನುಮಾನಿಸಬಹುದು. ಗುಂಡಿ ಒತ್ತಿದರೂ ಕೆಲವು ನಿಮಿಷ ಜೀವವೇ ಬಾರದಿದ್ದರೆ ಅನುಮಾನ ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗೆ ವಿದ್ಯುತ್ ಪೂರೈಸುವ ಪೆಟ್ಟಿಗೆ) ಕಡೆಗೆ ತಿರುಗಬೇಕು.

ಕ್ಯಾಬಿನೆಟ್ ಬಿಚ್ಚುವ ಮುನ್ನ ಅಳತೆ ತೆಗೆದುಕೊಳ್ಳಿ. ಎಚ್‌ಡಬ್ಲ್ಯೂ ಮಾನಿಟರ್, ಕೋರ್ ಟೆಂಪ್ ಮುಂತಾದ ಉಚಿತ ತಂತ್ರಾಂಶಗಳು ಪ್ರೊಸೆಸರಿನ ಉಷ್ಣಾಂಶವನ್ನು ತೋರಿಸುತ್ತವೆ. ಸುಮ್ಮನಿದ್ದಾಗ ಎಷ್ಟು, ಬ್ರೌಸರಿನಲ್ಲಿ ಹಲವು ಪುಟಗಳನ್ನೂ ಒಂದು ವಿಡಿಯೊವನ್ನೂ ತೆರೆದಿಟ್ಟಾಗ ಎಷ್ಟು ಎಂದು ಬರೆದುಕೊಂಡರೆ ಮುಂದಿನ ಪ್ರತಿ ಹಂತದ ಲಾಭವನ್ನು ಅಳೆಯಬಹುದು. ವಿಂಡೋಸ್ ತೆರೆಯುವಷ್ಟೂ ಹೊತ್ತು ನಿಲ್ಲದ ಯಂತ್ರದಲ್ಲಿ ಬಯೋಸ್ ಪರದೆಯನ್ನೇ (ಆನ್ ಮಾಡಿದ ಕೂಡಲೇ, ವಿಂಡೋಸ್‌ಗೂ ಮೊದಲು ತೆರೆಯಬಹುದಾದ ಸೆಟ್ಟಿಂಗ್ ಪರದೆ) ನೋಡಬೇಕು. ಅಲ್ಲಿ ಉಷ್ಣಾಂಶ ಕಣ್ಣೆದುರೇ ಏರುತ್ತ ಕೆಲವೇ ನಿಮಿಷಗಳಲ್ಲಿ 90 ದಾಟಿದರೆ ಅದು ಧೂಳಿನ ಮಾತಲ್ಲ. ಫ್ಯಾನ್ ನಿಂತಿದೆ, ಇಲ್ಲವೇ ಹೀಟ್‌ಸಿಂಕ್ ಪ್ರೊಸೆಸರಿಗೆ ತಾಗಿಲ್ಲ.

ಉಳಿದ ಹೆಚ್ಚಿನ ಪ್ರಕರಣಗಳಲ್ಲಿ ತಪ್ಪಿತಸ್ಥ ಧೂಳೇ. ಶಹಾಬಾದ್, ವಾಡಿ, ಸೇಡಂ ಕಡೆ ಕಲ್ಲು ಮತ್ತು ಸಿಮೆಂಟಿನ ನುಣುಪು ಪುಡಿ ಗಾಳಿಯಲ್ಲಿರುತ್ತದೆ. ದಾಲ್ ಮಿಲ್ಲುಗಳ ಕಚೇರಿಯಲ್ಲಿ ತೊಗರಿ ಹೊಟ್ಟಿನ ಹಗುರ ಧೂಳು. ಪವರ್ ವೈರ್ ಕಿತ್ತು, ಆನ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಲೋಹದ ಮೈಯನ್ನು ಮುಟ್ಟಿ ಕೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡ ಮೇಲೆ ಪಕ್ಕದ ಮುಚ್ಚಳ ತೆಗೆಯಿರಿ. ಮೇಲಿನಿಂದ ನೋಡಿದಾಗ ಫ್ಯಾನಿನ ರೆಕ್ಕೆಗಳು ಶುಭ್ರವಾಗಿ ಕಂಡರೆ ಅಷ್ಟಕ್ಕೇ ತೃಪ್ತರಾಗಬಾರದು, ಏಕೆಂದರೆ ಧೂಳು ಕೂರುವುದು ಫ್ಯಾನಿನ ಕೆಳಗೆ, ಹೀಟ್‌ಸಿಂಕ್‌ನ ಲೋಹದ ಹಾಳೆಗಳ ಬಾಯಲ್ಲಿ. ಫ್ಯಾನನ್ನು ಬಿಡಿಸಿದಾಗ ಅಲ್ಲಿ ಬೂದು ಬಣ್ಣದ ಕಂಬಳಿಯ ತುಂಡಿನಂಥ ಪದರ ಇಡಿಯಾಗಿ ಎದ್ದು ಬರುವುದುಂಟು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿಡಿ. ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಅದರ ಬೇರಿಂಗ್ ಕೆಡುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಗಾಳಿ ಬಿಟ್ಟಿಯಾಗಿ ಸಿಕ್ಕರೂ ಬೇಡ, ಅದರೊಂದಿಗೆ ನೀರಿನ ಹನಿಯೂ ಎಣ್ಣೆಯೂ ಬರುತ್ತವೆ. ಶುಚಿ ಮಾಡಿದ ಮೇಲೆ ಫ್ಯಾನಿನ ವೈರು ಮದರ್‌ಬೋರ್ಡಿನಲ್ಲಿ ಸಿಪಿಯು ಫ್ಯಾನ್ ಎಂದು ಗುರುತಿರುವ ಜಾಗದಲ್ಲೇ ಇದೆಯೇ ಎಂದು ನೋಡಿ, ಸಡಿಲ ವೈರುಗಳು ರೆಕ್ಕೆಗೆ ತಾಗದಂತೆ ಕಟ್ಟಿಡಿ.

ಧೂಳು ತೆಗೆದ ಮೇಲೂ ಅಂಕಿ ಇಳಿಯದಿದ್ದರೆ, ಪ್ರೊಸೆಸರಿನಿಂದ ಹೀಟ್‌ಸಿಂಕ್‌ಗೆ ಶಾಖ ದಾಟಿಸಲು ಇವೆರಡರ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದೆಯೇ ಎಂದು ಪರೀಕ್ಷಿಸಬೇಕು, ಇದಕ್ಕೆ ಹೀಟ್‌ಸಿಂಕ್ ಎತ್ತಲೇಬೇಕಾಗುತ್ತದೆ. ಹಳೆಯ ಎಎಂಡಿ ಯಂತ್ರಗಳಲ್ಲಿ ಪ್ರೊಸೆಸರಿನ ತಳದಲ್ಲಿಯೇ ಪಿನ್ನುಗಳಿರುವುದರಿಂದ, ಗಟ್ಟಿಯಾದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ನು ಬಾಗುವ ಅಪಾಯವಿದೆ. ಯಂತ್ರವನ್ನು ಕೆಲವು ನಿಮಿಷ ನಡೆಸಿ ಪೇಸ್ಟನ್ನು ಬೆಚ್ಚಗಾಗಿಸಿ, ಬಂದ್ ಮಾಡಿ ವೈರ್ ಕಿತ್ತು, ಹೀಟ್‌ಸಿಂಕನ್ನು ಎಡಬಲಕ್ಕೆ ಮೆಲ್ಲನೆ ಹೊರಳಿಸಿದ ನಂತರವೇ ಎತ್ತಬೇಕು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೂಲು ಬಿಡದ ಬಟ್ಟೆಯಿಂದ ಪೂರ್ತಿ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿದರೆ ಸಾಮಾನ್ಯ ಪ್ರೊಸೆಸರಿಗೆ ಸಾಕು. ಹೀಟ್‌ಸಿಂಕ್‌ನ ಒತ್ತಡವೇ ಅದನ್ನು ಹರಡುತ್ತದೆ. ಇಂಟೆಲ್‌ನೊಂದಿಗೆ ಬರುವ ಮಾಮೂಲಿ ಕೂಲರಿನ (ಫ್ಯಾನ್ ಕೂಡಿದ ಹೀಟ್‌ಸಿಂಕ್) ನಾಲ್ಕು ಪ್ಲಾಸ್ಟಿಕ್ ಕಾಲುಗಳೇ ಬಹಳ ಸಲ ನಿಜವಾದ ಅಪರಾಧಿಗಳು. ಎತ್ತುವಾಗ ತಲೆಯ ಮೇಲಿನ ಬಾಣದ ದಿಕ್ಕಿಗೆ ತಿರುಗಿಸಿರುತ್ತೀರಿ. ಕೂರಿಸುವ ಮುನ್ನ ಅವನ್ನು ಮೊದಲಿನ ಸ್ಥಿತಿಗೆ ತಿರುಗಿಸಿ, ಎದುರುಬದುರು ಮೂಲೆಗಳ ಜೋಡಿಯಂತೆ ಟಕ್ ಎನ್ನುವವರೆಗೆ ಒತ್ತಿ, ಮದರ್‌ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ತುದಿಗಳು ಹೊರಬಂದಿವೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ಒಂದು ಮೂಲೆ ಎದ್ದಿದ್ದರೂ ಎಷ್ಟು ದುಬಾರಿ ಪೇಸ್ಟ್ ಹಾಕಿದರೂ ವ್ಯರ್ಥ.

ಎಸ್‌ಎಂಪಿಎಸ್‌ನ ಹೊರಜಾಲರಿಯ ಧೂಳನ್ನಷ್ಟೇ ತೆಗೆಯಿರಿ. ಒಳಗಿನ ಕೆಪಾಸಿಟರುಗಳು ವೈರ್ ಕಿತ್ತ ಮೇಲೂ ವಿದ್ಯುತ್ ಹಿಡಿದಿಟ್ಟುಕೊಂಡಿರುವುದರಿಂದ ಅದನ್ನು ಮನೆಯಲ್ಲಿ ಬಿಚ್ಚುವುದು ಸಲ್ಲದು. ಅದರ ಫ್ಯಾನ್ ನಿಂತಿದ್ದರೆ ಎಸ್‌ಎಂಪಿಎಸ್ಸನ್ನೇ ಬದಲಿಸುವುದು ಸರಿ.

ಕ್ಯಾಬಿನೆಟ್ ಇಟ್ಟ ಜಾಗವನ್ನೂ ನೋಡಿ. ಬಾಗಿಲಿರುವ ಟೇಬಲ್ಲಿನ ಖಾನೆಯಲ್ಲಿ ಅಥವಾ ಗೋಡೆಗೆ ಒತ್ತಿ ಇಟ್ಟರೆ ಹಿಂದಿನಿಂದ ಹೊರಬಂದ ಬಿಸಿಗಾಳಿಯೇ ಮುಂದಿನಿಂದ ಮತ್ತೆ ಒಳಸೇರುತ್ತದೆ. ಹಿಂಬದಿಗೆ ಗೇಣುದ್ದ ಜಾಗ ಬಿಡಿ. ನಮ್ಮ ಕಡೆಯ ನೀರಿನ ಕೂಲರ್ ಕೋಣೆಯನ್ನು ತಂಪಾಗಿಸಿದಷ್ಟೂ ಯಂತ್ರಕ್ಕೂ ಒಳ್ಳೆಯದೇ, ಆದರೆ ಅದರ ಬಾಯಿ ನೇರವಾಗಿ ಕ್ಯಾಬಿನೆಟ್ಟಿನ ಕಡೆಗಿರಬಾರದು: ಆ ತೇವಕ್ಕೆ ಧೂಳು ಕೆಸರಾಗಿ ಅಂಟಿದರೆ ಬ್ಲೋವರಿಗೂ ಬಗ್ಗುವುದಿಲ್ಲ.

ರಿಪೇರಿಗೆ ಸಮಯವಿಲ್ಲದೆ ತುರ್ತು ಕೆಲಸ ಮುಗಿಸಲೇಬೇಕಾದಾಗ, ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ವೇಗ (ಭಾರದ ಕೆಲಸದಲ್ಲಿ ಪ್ರೊಸೆಸರ್ ತಾನಾಗಿ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಂತು ಶಾಖ ಇಳಿಯುತ್ತದೆ. ವೇಗ ಸ್ವಲ್ಪ ಕುಗ್ಗಿದರೂ ಅರ್ಜಿ ತುಂಬುವ, ಲೆಕ್ಕ ಬರೆಯುವ ಕೆಲಸಕ್ಕೆ ಅದು ಅಡ್ಡಿಯಾಗದು.

ದುರಸ್ತಿಯನ್ನು ಬೆಳಗಿನ ಹೊತ್ತು ಪರೀಕ್ಷಿಸಿ ಒಪ್ಪಿಕೊಳ್ಳಬೇಡಿ. ಎಸಿ ಹಾಕಿದ ಅಂಗಡಿಯಲ್ಲಿ ಸರಿಯಾಗಿ ನಡೆದ ಯಂತ್ರ ನಿಮ್ಮ ಕೋಣೆಯಲ್ಲೂ ನಡೆಯುವುದೆಂಬ ಖಾತ್ರಿಯಿಲ್ಲ. ಅದು ದಿನವೂ ಇರುವ ಜಾಗದಲ್ಲಿಯೇ, ಮುಚ್ಚಳ ಹಾಕಿ, ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಒಂದು ಗಂಟೆ ಭಾರದ ಕೆಲಸ ಕೊಟ್ಟು, ಮೊದಲು ಬರೆದಿಟ್ಟ ಅಂಕಿಗಳೊಂದಿಗೆ ಹೋಲಿಸಿ. 85ರ ಒಳಗೆ ನಿಂತರೆ ಸಾಕು. ಆಗಲೂ 95ರತ್ತ ಏರುತ್ತಿದ್ದರೆ ಮಾಮೂಲಿ ಕೂಲರನ್ನು ಬಿಟ್ಟು, ಕ್ಯಾಬಿನೆಟ್ಟಿನ ಅಗಲವನ್ನು ಅಳೆದುಕೊಂಡು, ಅದರಲ್ಲಿ ಹಿಡಿಸುವ ದೊಡ್ಡ ಹೀಟ್‌ಸಿಂಕ್ ಕೊಳ್ಳಿ.