ಒಂದೂ ವೈರ್ ಕತ್ತರಿಸದೆ ಕಂಪನಿ ಸೆಟ್ ಬದಲಿಸಿದ್ದು: ನನ್ನ ಅನುಭವ

ಕಾರಿನ ಜೊತೆ ಬಂದ ಮ್ಯೂಸಿಕ್ ಸೆಟ್ಟನ್ನು, ಅಂದರೆ ಕಂಪನಿ ಸೆಟ್ಟನ್ನು ತೆಗೆದು ಹೊರಗಿನ ಆಂಡ್ರಾಯ್ಡ್ ಸೆಟ್ ಕೂರಿಸಬೇಕಾದರೆ ಮೂಲ ವೈರಿಂಗ್ ಕತ್ತರಿಸಲೇಬೇಕು, ಕೂರಿಸಿದ ಮೇಲೂ ರೇಡಿಯೋ ಮಾತ್ರ ಸರಿಯಾಗಿ ಬರುವುದಿಲ್ಲ ಎಂಬ ಎರಡು ಮಾತುಗಳನ್ನು ದಾವಣಗೆರೆಯಲ್ಲಿ ನಾನು ವಿಚಾರಿಸಿದ ಕಾರ್ ಡೆಕೋರ್ ಅಂಗಡಿಯವರೆಲ್ಲ ಹೇಳಿದ್ದರು. ನಮ್ಮ ಭಾವ ಅಂತೂ "ಚೆನ್ನಾಗಿರೋದನ್ನ ಯಾಕೋ ಕೆಡಿಸ್ತೀ, ಸುಮ್ನಿರು" ಎಂದು ಮಾತು ಮುಗಿಸಿಬಿಟ್ಟಿದ್ದರು. ಈಗ ಆ ಸೆಟ್ ಒಂದು ಪೂರ್ತಿ ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ಕಂಡಿದೆ. ಕಂಪನಿಯ ಒಂದು ವೈರಿಗೂ ಕಟರ್ ತಾಗಿಲ್ಲ, ಮತ್ತು ಚಿತ್ರದುರ್ಗ ಆಕಾಶವಾಣಿಯ ಎಫ್‌ಎಂ 102.6 ಊರು ಬಿಟ್ಟು ಚಿತ್ರದುರ್ಗದ ದಾರಿಯ ಆನಗೋಡು ತಲುಪುವ ಮೊದಲೇ ಸ್ವಚ್ಛವಾಗಿ ಕೇಳಿಸುತ್ತದೆ. ಡ್ಯಾಶ್‌ಬೋರ್ಡ್ ಬಿಚ್ಚುವುದು, ಬ್ಯಾಟರಿಯ ಮೈನಸ್ ಮೊದಲು ಕಳಚುವುದು ಇವೆಲ್ಲ ಈ ಕೆಲಸ ಮಾಡುವವರಿಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವನ್ನು ಇಲ್ಲಿ ಬರೆಯುವುದಿಲ್ಲ.

ಕಾರು ಹತ್ತು ವರ್ಷ ದಾಟಿದ ಡೀಸೆಲ್ ಹ್ಯಾಚ್‌ಬ್ಯಾಕ್. ಸೆಟ್, ಅದನ್ನು ಡ್ಯಾಶ್‌ಬೋರ್ಡಿನಲ್ಲಿ ಕೂರಿಸುವ ಫ್ರೇಮ್, ಕೂಲಿ ಎಲ್ಲ ಸೇರಿ ಅಂಗಡಿಯಲ್ಲಿ ಹತ್ತೊಂಬತ್ತು ಸಾವಿರದ ಆಸುಪಾಸು ಹೇಳಿದ್ದರು. ನಾನು ಒಂಬತ್ತು ಇಂಚಿನ, 2 ಜಿಬಿ ರ‍್ಯಾಮ್ ಇರುವ ಸೆಟ್ಟನ್ನು ಸುಮಾರು ಒಂಬತ್ತು ಸಾವಿರಕ್ಕೆ, ಫ್ರೇಮನ್ನು ಒಂಬೈನೂರಕ್ಕೆ ಆನ್‌ಲೈನಿನಲ್ಲಿ ತರಿಸಿದೆ. ಜೊತೆಗೆ ಕಾರಿನ ವೈರಿಂಗನ್ನೂ ಹೊಸ ಸೆಟ್ಟನ್ನೂ ಜೋಡಿಸುವ, ಮುನ್ನೂರೈವತ್ತರ ಒಂದು ರೆಡಿಮೇಡ್ ಕಪ್ಲರ್ ಕೂಡ ಬಂತು. ಮೊದಲ ಸಲ ಕೂರಿಸುವ ಕೆಲಸವನ್ನು ಒಂದು ಅಂಗಡಿಗೇ ಕೊಟ್ಟು, ಕಂಪನಿ ವೈರ್ ಮುಟ್ಟಕೂಡದೆಂದು ಹೇಳಿದ್ದೆ. ಅವರು ಮುಟ್ಟಲಿಲ್ಲ ನಿಜ. ಆದರೆ ಆ ಕಪ್ಲರಿನಲ್ಲಿ ಎಸಿಸಿ ಪಿನ್, ಅಂದರೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಕೊಡುವ ಪಿನ್, ತಪ್ಪು ಜಾಗದಲ್ಲಿದ್ದುದರಿಂದ ಕೀ ತಿರುಗಿಸಿದರೂ ಕೆಂಪು ವೈರಿಗೆ ಕರೆಂಟ್ ಬರಲಿಲ್ಲ, ಅದಕ್ಕೆ ಪರಿಹಾರವೆಂದು ಅಲ್ಲಿನ ಹುಡುಗ ಕೆಂಪನ್ನೂ ಬ್ಯಾಟರಿಯಿಂದ ಸದಾ ಕರೆಂಟ್ ಬರುವ ಹಳದಿಯನ್ನೂ ಸೇರಿಸಿ ಹೊಸೆದು ಟೇಪ್ ಸುತ್ತಿ ಕಳುಹಿಸಿದ. ಸ್ಕ್ರೀನ್ ಬೆಳಗಿತು, ಹಾಡೂ ಬಂತು. ಆಮೇಲೆ ಕಾರನ್ನು ಹರಿಹರದ ನೆಂಟರ ಮನೆಯ ಮುಂದೆ ವಾರದ ಮಟ್ಟಿಗೆ ಬಿಟ್ಟು ಬಂದು ನೋಡಿದರೆ ಸೆಲ್ಫ್ ಹೊಡೆಯಲೇ ಇಲ್ಲ. ಮಲ್ಟಿಮೀಟರ್ ಇಟ್ಟಾಗ ಕೀ ತೆಗೆದ ಮೇಲೂ ಸುಮಾರು 300 ಮಿಲಿಆಂಪಿಯರ್ ಹರಿಯುತ್ತಿತ್ತು. ದಿನಕ್ಕೆ ಏಳು ಆಂಪಿಯರ್-ಅವರ್ ಎಂದರೆ ವಾರದಲ್ಲಿ ಯಾವ ಬ್ಯಾಟರಿ ಉಳಿಯುತ್ತದೆ? ಕಾರು ನಿಂತಿರುವಾಗ ಒಟ್ಟು ಎಳೆತ 50 ಮಿಲಿಆಂಪಿಯರ್ ಒಳಗಿರಬೇಕು.

ಅಲ್ಲಿಂದ ಮುಂದಿನ ಕೆಲಸವೆಲ್ಲ ನನ್ನದೇ. ರೆಡಿಮೇಡ್ ಕಪ್ಲರಿನಲ್ಲಿ ಎಸಿಸಿ ಒಂದೇ ತಪ್ಪಾಗಿರಲಿಲ್ಲ, ಪಾರ್ಕ್ ಲೈಟ್ ಹಾಕಿದಾಗ ಸ್ಕ್ರೀನ್ ಮಂಕಾಗಿಸುವ ವೈರೂ ಸ್ಟೀರಿಂಗ್ ಬಟನ್‌ಗಳ ವೈರ್‌ಗಳೂ ಅದರಲ್ಲಿ ಇರಲೇ ಇಲ್ಲ, ಮತ್ತು ಹಿಂದಿನ ಎಡ ಸ್ಪೀಕರಿನ ಪ್ಲಸ್ ಮೈನಸ್ ಅದಲು ಬದಲಾಗಿದ್ದುದರಿಂದ ಬಾಸ್ ಸತ್ತುಹೋಗಿತ್ತು. ಇಂಥ ಕಪ್ಲರನ್ನು ತಿದ್ದುವುದಕ್ಕಿಂತ ಹೊಸದಾಗಿ ಮಾಡುವುದೇ ಮೇಲು. ಗುಜರಿಯಲ್ಲಿ ನನ್ನ ಕಾರಿನ ಮಾದರಿಯದೇ ಆದ, ಡಿಸ್‌ಪ್ಲೇ ಒಡೆದ ಒಂದು ಕಂಪನಿ ಸೆಟ್ ನಾನೂರು ರೂಪಾಯಿಗೆ ಸಿಕ್ಕಿತು. ಅದರ ಬೋರ್ಡಿನಿಂದ ಸಾಕೆಟ್ಟನ್ನು ಮೊಬೈಲ್ ರಿಪೇರಿ ಮಾಡುವ ಗೆಳೆಯನ ಹಾಟ್ ಏರ್ ಮಷಿನ್ನಿನಲ್ಲಿ ಬಿಡಿಸಿಕೊಂಡು, ಪ್ರತಿ ಪಿನ್ನಿಗೂ ಹೊಸ ಸೆಟ್ಟಿನ ವೈರ್ ಸಾಲ್ಡರ್ ಮಾಡಿ ಸ್ಲೀವ್ ಹಾಕಿದೆ. ಕಾರಿನ ಕಪ್ಲರ್ ಈಗ ಆ ಸಾಕೆಟ್ಟಿಗೆ ಕಂಪನಿಯದಕ್ಕೆ ಕೂರುವಂತೆಯೇ ಕಟಕ್ಕೆಂದು ಕೂರುತ್ತದೆ. ಇದನ್ನು ಮಾಡುವವರು ಒಂದು ವಿಷಯ ನೆನಪಿಡಬೇಕು: ಸಾಕೆಟ್ಟಿನ ಮುಂಭಾಗದಿಂದ ಎಣಿಸಿದ ಪಿನ್ ಕ್ರಮ ಸಾಲ್ಡರ್ ಮಾಡುವ ಕಡೆಯಿಂದ ನೋಡಿದಾಗ ಎಡಬಲ ಅದಲು ಬದಲಾಗಿರುತ್ತದೆ. ಸೆಟ್ ಸಿಕ್ಕಿಸುವ ಮುಂಚೆ ಮೀಟರಿನಲ್ಲಿ ಹಳದಿಗೆ ಯಾವಾಗಲೂ, ಕೆಂಪಿಗೆ ಕೀ ತಿರುಗಿಸಿದಾಗ, ಕಿತ್ತಳೆಗೆ ಪಾರ್ಕ್ ಲೈಟ್ ಹಾಕಿದಾಗ ಹನ್ನೆರಡು ವೋಲ್ಟ್ ಬರುವುದನ್ನು ನೋಡಿಕೊಂಡೆ. ಹಳದಿಗೆ 10 ಆಂಪಿಯರಿನ ಪ್ರತ್ಯೇಕ ಫ್ಯೂಸ್ ಹಾಕಿದ್ದೇನೆ. ಕಾರು ಲಾಕ್ ಮಾಡಿದ ಮೇಲಿನ ಎಳೆತ ಈಗ ಇಪ್ಪತ್ತು ಮಿಲಿಆಂಪಿಯರಿನ ಸುತ್ತ ನಿಂತಿದೆ.

ಪೆಟ್ಟಿಗೆಯ ಮೇಲೆ 60 ವ್ಯಾಟ್ ನಾಲ್ಕು ಚಾನೆಲ್ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದರು. ಎಂಜಿನ್ ಓಡುವಾಗ ಸಿಗುವುದು 14.4 ವೋಲ್ಟ್, ಸ್ಪೀಕರ್ 4 ಓಮ್. ಸೆಟ್ಟಿನೊಳಗೆ ದನಿ ಹೆಚ್ಚಿಸುವ ಚಿಪ್ಪು (ಐಸಿ) ಎಷ್ಟೇ ಒಳ್ಳೆಯದಿರಲಿ ದನಿ ಒಡೆಯದೆ 26 ವ್ಯಾಟ್ ದಾಟಲು ಸಾಧ್ಯವಿಲ್ಲ ಎಂಬುದನ್ನು ಒಂದು ಚೀಟಿಯಲ್ಲಿ ಲೆಕ್ಕ ಹಾಕಿ ನೋಡಬಹುದು. ಆದ್ದರಿಂದ ನನ್ನಲ್ಲಿದ್ದ ಹಳೆಯ ಆಂಪ್ಲಿಫೈಯರನ್ನು ಡಿಕ್ಕಿಯಲ್ಲಿ ಕೂರಿಸಿದೆ, ಅದರೊಂದಿಗೆ ಆಕ್ಸಿಲರೇಟರ್ ಒತ್ತಿದಂತೆ ಏರುವ ಸೀಟಿಯಂಥ ದನಿಯೂ ಸೇರಿಕೊಂಡಿತು. ಇಂಥ ಗದ್ದಲ ತಡೆಯಲು ಇನ್ನೂರೈವತ್ತರ ಐಸೊಲೇಟರ್ ಹಾಕಿ ಎಂದು ಕೆಲವರು ಹೇಳಿದರು. ಹಾಕಿದಾಗ ಸೀಟಿ ಹೋಯಿತು, ಅದರ ಜೊತೆಗೆ ಬಾಸಿನ ಅರ್ಧವೂ ಹೋಯಿತು. ಕೊನೆಗೆ ಆಂಪ್ಲಿಫೈಯರಿನ ಅರ್ಥ್ ಕೊಟ್ಟಿದ್ದ ಬೋಲ್ಟಿನ ಕೆಳಗಿನ ಪೇಂಟ್ ಕೆರೆದು ಬಿಳಿ ಲೋಹ ಕಾಣುವಂತೆ ಮಾಡಿ, ಸೆಟ್ಟಿನಿಂದ ದನಿ ಒಯ್ಯುವ ಆರ್‌ಸಿಎ ಕೇಬಲ್ಲನ್ನು ಎಡಗಡೆಯಿಂದಲೂ ಬ್ಯಾಟರಿ ವೈರನ್ನು ಬಲಗಡೆಯಿಂದಲೂ ಎಳೆದ ಮೇಲೆ ಸೀಟಿ ನಿಂತಿತು. ಐಸೊಲೇಟರ್ ಈಗ ಟೂಲ್ ಡಬ್ಬದಲ್ಲಿ ಬಿದ್ದಿದೆ, ಬೇಕಾದವರು ಒಯ್ಯಬಹುದು.

ಇನ್ನು ರೇಡಿಯೋ. ಅತಿ ಹೆಚ್ಚು ಸಮಯ ತಿಂದದ್ದು ಇದೇ, ಅಂಗಡಿಯವರು ಕೈಚೆಲ್ಲುವುದೂ ಇಲ್ಲಿಯೇ. ಹೊಸ ಸೆಟ್ 102.5 ತೋರಿಸುತ್ತಿತ್ತು, ಮುಂದಕ್ಕೆ ಒತ್ತಿದರೆ 102.7ಕ್ಕೆ ಜಿಗಿಯುತ್ತಿತ್ತು, ನಡುವಿನ 102.6 ಅದಕ್ಕೆ ಇರಲೇ ಇಲ್ಲ. ಸೆಟ್ ಅಮೆರಿಕದ ರೇಡಿಯೋ ವಲಯಕ್ಕೆ ಹೊಂದಿಸಿದ ಸ್ಥಿತಿಯಲ್ಲಿ ಬಂದಿತ್ತು. ಅಲ್ಲಿನ ಎಫ್‌ಎಂ ಹೆಜ್ಜೆ 0.2 ಮೆಗಾಹರ್ಟ್ಸ್, ದಶಮಾಂಶದ ಅಂಕಿ ಯಾವಾಗಲೂ ಬೆಸ. ಎಎಂನಲ್ಲೂ ಅಲ್ಲಿ ಹತ್ತು ಹತ್ತು ಕಿಲೋಹರ್ಟ್ಸ್‌ನ ಹೆಜ್ಜೆ, ನಮ್ಮಲ್ಲಿ ಒಂಬತ್ತರದು. ಹೀಗಾಗಿ ಭದ್ರಾವತಿ ಆಕಾಶವಾಣಿಯ 675 ಕೂಡ 670 ಮತ್ತು 680ರ ನಡುವೆ ಕಳೆದುಹೋಗಿತ್ತು. ಫ್ಯಾಕ್ಟರಿ ಸೆಟ್ಟಿಂಗಿನೊಳಗೆ ಹೋಗಿ ವಲಯವನ್ನು ಯುರೋಪಿಗೆ ಬದಲಿಸಿದ ಕೂಡಲೇ ಎರಡೂ ಅಂಕಿಗಳು ಸ್ಕ್ರೀನಿಗೆ ಬಂದವು. ಆ ಸೆಟ್ಟಿಂಗಿಗೆ ಪಾಸ್‌ವರ್ಡ್ ಇರುತ್ತದೆ, ಸೆಟ್ ಮಾರಿದವರನ್ನೇ ಕೇಳಿ ಪಡೆಯಬೇಕು.

ಅಂಕಿ ಬಂದರೂ ದನಿಯಲ್ಲಿ ಬುಸುಗುಟ್ಟುವಿಕೆ ಹೋಗಲಿಲ್ಲ. ನನ್ನ ಕಾರಿನ ಆಂಟೆನಾ ಬುಡದಲ್ಲಿ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಇದೆ ಎಂಬ ಅನುಮಾನ ಬಂದು, ಕಂಪನಿ ಸೆಟ್ಟನ್ನು ಮತ್ತೆ ಸಿಕ್ಕಿಸಿ ಅದರ ಆಂಟೆನಾ ತೂತಿನ ನಡುವಿನ ತಂತಿಗೆ ಮೀಟರ್ ಹಿಡಿದಾಗ ಹೆಚ್ಚುಕಡಿಮೆ ಬ್ಯಾಟರಿಯಷ್ಟೇ ವೋಲ್ಟ್ ತೋರಿಸಿತು. ಎಂದರೆ ಕಂಪನಿ ಸೆಟ್ ಅದೇ ಕೇಬಲ್ಲಿನ ಮೂಲಕ ಬೂಸ್ಟರಿಗೆ ಕರೆಂಟನ್ನೂ ಕಳುಹಿಸುತ್ತಿತ್ತು, ಹೊಸ ಸೆಟ್ಟಿಗೆ ಆ ವ್ಯವಸ್ಥೆ ಇರಲಿಲ್ಲ. ಆ ಕೇಬಲ್ಲಿಗೆ ಕರೆಂಟ್ ಸೇರಿಸುವ, ಇನ್ನೂರು ಇನ್ನೂರೈವತ್ತಕ್ಕೆ ಸಿಗುವ ಆಂಟೆನಾ ಅಡಾಪ್ಟರ್ ತಂದು, ಅದರ ನೀಲಿ ವೈರನ್ನು ಸೆಟ್ ಆನ್ ಆದಾಗ ಕರೆಂಟ್ ಬರುವ ಸೆಟ್ಟಿನ ನೀಲಿಗೆ ಜೋಡಿಸಿದ ಮೇಲೆ ಚಿತ್ರದುರ್ಗದ ವಾರ್ತೆ ದಾವಣಗೆರೆಯ ವಿದ್ಯಾನಗರದಲ್ಲಿ ನಿಂತ ಕಾರಿನಲ್ಲೇ ಅರ್ಥವಾಗುವಂತೆ ಕೇಳಿಸಿತು. ಮೀಟರ್ ಹಿಡಿದು ಖಚಿತಪಡಿಸಿಕೊಳ್ಳದೆ ಇದನ್ನು ಯಾರೂ ಹಾಕಬಾರದು. ಬೂಸ್ಟರ್ ಇಲ್ಲದ ಕೆಲವು ಆಂಟೆನಾಗಳಲ್ಲಿ ಅದು ನೇರ ಶಾರ್ಟ್ ಆಗಬಹುದು.

ಉಳಿದ ಕರಕರ ಬರುತ್ತಿದ್ದುದು ಡ್ಯಾಶ್‌ಕ್ಯಾಮಿನಿಂದ. ಅದರ ಚಾರ್ಜರ್ ಕಿತ್ತರೆ ನಿಲ್ಲುತ್ತಿತ್ತು, ಹಾಕಿದರೆ ಶುರುವಾಗುತ್ತಿತ್ತು. ಹಳೆಯ ಕಂಪ್ಯೂಟರ್ ಮಾನಿಟರಿನ ಕೇಬಲ್ಲಿನಲ್ಲಿದ್ದ, ಗದ್ದಲ ತಡೆಯುವ ದುಂಡನೆಯ ಫೆರೈಟ್ ತುಂಡನ್ನು ಒಡೆಯದಂತೆ ಬಿಡಿಸಿ, ಚಾರ್ಜರಿನ ವೈರನ್ನು ಅದರೊಳಗೆ ಎರಡು ಸುತ್ತು ತೂರಿಸಿದ್ದರಿಂದ ಮುಕ್ಕಾಲು ಪಾಲು ಕಡಿಮೆಯಾಯಿತು. ಬೇರೆ ಚಾರ್ಜರ್‌ಗಳನ್ನೂ ಹಾಕಿ ನೋಡಿದೆ, ಅಗ್ಗದವೆಲ್ಲ ಒಂದೇ ಜಾತಿ. ಎಎಂ ಮಾತ್ರ ಕೈಗೆ ಹತ್ತಲಿಲ್ಲ. ಒಂಬತ್ತು ಇಂಚಿನ ಸ್ಕ್ರೀನಿನ ಗದ್ದಲದ ಪಕ್ಕದಲ್ಲೇ ಕೂತ ಟ್ಯೂನರಿನಿಂದ ಅದನ್ನು ನಿರೀಕ್ಷಿಸುವುದೂ ಸರಿಯಲ್ಲ.

ಸ್ಟೀರಿಂಗ್ ಬಟನ್‌ಗಳು ಕಂಪನಿಯಲ್ಲಿ ಬರಿಯ ರೆಸಿಸ್ಟರ್‌ಗಳ ಸಾಲು. ಸೆಟ್ಟಿನಲ್ಲಿ ಇವಕ್ಕೆಂದೇ ಇರುವ ಕೀ 1, ಕೀ 2 ವೈರ್‌ಗಳಿಗೆ ಜೋಡಿಸಿ, ಯಾವ ಬಟನ್ ಯಾವುದೆಂದು ಸೆಟ್ಟಿಗೆ ಕಲಿಸಲು ಹೋದಾಗ ವಾಲ್ಯೂಮ್ ಏರಿಸುವ ಬಟನ್ನೂ ಮುಂದಿನ ಹಾಡಿನ ಬಟನ್ನೂ ಸೆಟ್ಟಿಗೆ ಒಂದೇ ಆಗಿ ಕಾಣುತ್ತಿದ್ದವು. ಸ್ಟೀರಿಂಗಿನ ಅರ್ಥ್ ವೈರನ್ನು ಸೆಟ್ಟಿನ ಅರ್ಥಿಗೇ ತಂದು ಸೇರಿಸಿ, ಕೀ ವೈರಿಗೂ ಅರ್ಥಿಗೂ ನಡುವೆ ಒಂದು ಸಣ್ಣ ರೆಸಿಸ್ಟರ್ ಹಾಕಿದ ಮೇಲೆ ಎಲ್ಲ ಬಟನ್‌ಗಳೂ ಬೇರೆ ಬೇರೆಯಾಗಿ ಕಲಿತವು. ಅದು ಎಷ್ಟು ಓಮ್ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಎರಡು ಸಂಜೆ ಕೂತು ಹುಡುಕಿದ ಬೆಲೆ ಅದು. ಹಲವು ಹೊಸ ಕಾರುಗಳಲ್ಲಿ ಬಟನ್‌ಗಳು ಕ್ಯಾನ್ ಎಂಬ ಡಿಜಿಟಲ್ ಸಂಪರ್ಕಜಾಲದ ಮೂಲಕ ಹೋಗುವುದರಿಂದ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಡಿಕೋಡರ್ ಡಬ್ಬಿಯೇ ಬೇಕು.

ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಹೆದರಿ ಸೆಟ್ಟಿನ ಬೆನ್ನಿಗೆ ಕಂಪ್ಯೂಟರಿನ ಪುಟ್ಟ ಫ್ಯಾನ್ ಕಟ್ಟಿ ನೋಡಿದ್ದೂ ಉಂಟು. ತಂಪು ಎಷ್ಟಾಯಿತೋ, ಫ್ಯಾನಿನ ಗದ್ದಲ ಎಫ್‌ಎಂನಲ್ಲಿ ಸೇರಿಕೊಂಡಿದ್ದರಿಂದ ತೆಗೆದುಹಾಕಿದೆ. ಹಿಂದೆ ಗಂಟುಕಟ್ಟಿಕೊಂಡಿದ್ದ ವೈರ್‌ಗಳನ್ನು ಗ್ಲೋವ್ ಬಾಕ್ಸಿನ ಕಡೆಗೆ ಸರಿಸಿ ಗಾಳಿಗೆ ಜಾಗ ಬಿಟ್ಟಿದ್ದೇ ಸಾಕಾಯಿತು, ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನಲ್ಲೂ ಸೆಟ್ ಈವರೆಗೆ ತಾನಾಗಿ ಆಫ್ ಆಗಿಲ್ಲ. ಫ್ರೇಮ್ ಎಡಬದಿಯಲ್ಲಿ ಮೂರು ಮಿಲಿಮೀಟರಿನಷ್ಟು ಎದ್ದು ನಿಂತಿತ್ತು. ಹಿಂದಿನ ಪ್ಲಾಸ್ಟಿಕ್ ಕಿವಿಗಳನ್ನು ಅರದಿಂದ ಉಜ್ಜಿ, ಅಂಚಿಗೆ ಫೆಲ್ಟ್ ಟೇಪ್ ಅಂಟಿಸಿದ ಮೇಲೆ ಕೂತಿತು, ಹಳ್ಳಿ ರಸ್ತೆಯ ಕಿರಕಿರವೂ ನಿಂತಿತು.

ಹಾಳಾದ ಕಪ್ಲರ್, ಅಂಗಡಿಯ ಕೂಲಿ, ಐಸೊಲೇಟರ್, ರಿವರ್ಸ್ ಕ್ಯಾಮೆರಾ ಎಲ್ಲ ಸೇರಿಸಿದರೂ ಖರ್ಚು ಹದಿಮೂರು ಸಾವಿರ ದಾಟಿಲ್ಲ. ಕಂಪನಿ ಸೆಟ್ ಅಟ್ಟದ ಮೇಲಿದೆ, ಕಾರು ಮಾರುವ ದಿನ ಬಂದರೆ ಅರ್ಧ ಗಂಟೆಯಲ್ಲಿ ವಾಪಸ್ ಸಿಕ್ಕಿಸಬಹುದು. ಈಗ ಭಾವನೇ ತಮ್ಮ ಕಾರಿಗೂ ಇಂಥದ್ದೇ ಮಾಡಿಕೊಡು ಎಂದು ಬೆನ್ನು ಬಿದ್ದಿದ್ದಾರೆ, ಫ್ರೇಮ್ ಕೂಡ ತರಿಸಿ ಇಟ್ಟಿದ್ದಾರೆ. ಅವರ ಕಾರಿನ ಕಪ್ಲರ್ ಬೇರೆ ಮಾದರಿಯದು. ಅದಕ್ಕೆ ಹೊಂದುವ ಕೆಟ್ಟ ಕಂಪನಿ ಸೆಟ್ ದಾವಣಗೆರೆಯ ಗುಜರಿಗಳಲ್ಲಿ ಸಿಗದೆ ಕೆಲಸ ನಿಂತಿದೆ. ಸಾಕೆಟ್ ಮುರಿಯದಿದ್ದರೆ ಸಾಕು, ಐನೂರರವರೆಗೆ ಕೊಡಲು ಅವರು ತಯಾರಿದ್ದಾರೆ.