ಗೋಪುರ ಗಡಿಯಾರದ ವೇಗ ತಿದ್ದುವುದು: ಡೆಂಟ್ ಮನೆತನದ ಗಡಿಯಾರ ಕಲಿಸುವ ಉಪಾಯ

ಲಂಡನ್ನಿನ ಬಿಗ್ ಬೆನ್ ಯಂತ್ರದ ಚೌಕಟ್ಟಿನ ಮೇಲೆ ಫ್ರೆಡರಿಕ್ ಡೆಂಟ್ ಹೆಸರೂ 1854 ಎಂಬ ಇಸವಿಯೂ ಇವೆ. ಕೆಲಸ ಒಪ್ಪಿಕೊಂಡವನು ಮಲತಂದೆ ಎಡ್ವರ್ಡ್ ಜಾನ್ ಡೆಂಟ್. 1853ರಲ್ಲಿ ಅವನು ತೀರಿಕೊಂಡ ಮೇಲೆ ಫ್ರೆಡರಿಕ್ ಮುಗಿಸಿದ. ಗೋಪುರ ಇನ್ನೂ ಸಿದ್ಧವಾಗಿರದ್ದರಿಂದ ಗಡಿಯಾರ ಮೇಲೇರಿ ಓಡತೊಡಗಿದ್ದು 1859ರಲ್ಲಿ. ಹಾಗಾಗಿ ಯಂತ್ರದ ಮೇಲಿನ ಇಸವಿಯನ್ನೇ ಗೋಪುರದ ಇಸವಿ ಎಂದು ಬರೆದುಬಿಡಬೇಡಿ. ಗಂಟೆಯ ಮೊದಲ ಹೊಡೆತ ಒಂದು ಸೆಕೆಂಡಿನೊಳಗೆ ಸರಿಯಿರಬೇಕೆಂಬುದು ಅಲ್ಲಿನ ಕರಾರು. ಅದನ್ನು ಕಾಯುವುದು ಲೋಲಕದ ಮೇಲೆ ಪೇರಿಸಿಟ್ಟ ಹಳೆಯ ಪೆನ್ನಿಗಳು: ಒಂದು ಹೆಚ್ಚಿಗೆ ಇಟ್ಟರೆ ಗಡಿಯಾರ ದಿನಕ್ಕೆ 0.4 ಸೆಕೆಂಡ್ ಮುಂದೋಡುತ್ತದೆ.

ಲೋಲಕವಿರುವ ಯಾವ ಗೋಪುರ ಗಡಿಯಾರಕ್ಕೂ ಈ ತೂಕದ ಉಪಾಯ ನಡೆಯುತ್ತದೆ. ಲೋಲಕದ ಗುಂಡನ್ನು ಏರಿಸಿ ಇಳಿಸುವ ನಟ್ಟಿಗೆ ಕೈ ಹಾಕುವ ಮುಂಚೆ ಒಂದು ವಾರ ಬರೀ ಬರೆದುಕೊಳ್ಳಿ: ದಿನಾ ಒಂದೇ ಹೊತ್ತಿಗೆ, ಮೊಬೈಲಿನ ಸಮಯಕ್ಕೆ ಹೋಲಿಸಿ ಎಷ್ಟು ಸೆಕೆಂಡ್ ಹಿಂದೆ ಅಥವಾ ಮುಂದೆ, ಕೋಣೆಯ ಉಷ್ಣತೆ ಎಷ್ಟು. ಕೆಳಗೆ ನಿಂತು ಮುಳ್ಳು ನೋಡಿದರೆ ಸೆಕೆಂಡ್ ಸಿಗದು. ಗಂಟೆ ಹೊಡೆಯಲು ಬಿಡುವ ಲಿವರ್ ಕಳಚುವ ‘ಖಟ್’ ಸದ್ದಿಗೇ ಸಮಯ ಹಿಡಿಯಿರಿ. ಲೋಲಕದ ಕಂಬಿ ಉಕ್ಕಿನದಾದರೆ ಒಂದು ಡಿಗ್ರಿ ಸೆಖೆ ಏರಿದರೆ ದಿನಕ್ಕೆ ಅರ್ಧ ಸೆಕೆಂಡ್ ಹಿಂದೆ ಬೀಳುತ್ತದೆ. ಬೇಸಿಗೆಯ ಈ ಸೆಕೆಂಡುಗಳ ಬೆನ್ನು ಹತ್ತಿ ದಿನಾ ನಟ್ ತಿರುಗಿಸುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು.

ದಿನದ ವ್ಯತ್ಯಾಸ ಹತ್ತು ಸೆಕೆಂಡ್ ದಾಟಿದರೆ ಮಾತ್ರ ಗುಂಡಿನ ಕೆಳಗಿನ ನಟ್ ಮುಟ್ಟಿ. ಒಂದೂವರೆ ಸೆಕೆಂಡಿಗೊಮ್ಮೆ ‘ಟಕ್’ ಅನ್ನುವ ಲೋಲಕ ಸುಮಾರು 2.24 ಮೀಟರ್ ಉದ್ದ. ಇದರಲ್ಲಿ 0.05 ಮಿಲಿಮೀಟರ್ ವ್ಯತ್ಯಾಸಕ್ಕೆ ದಿನಕ್ಕೊಂದು ಸೆಕೆಂಡ್. ನಟ್ಟಿನ ಮರೆ (ತಿರುಪಿನ ಒಂದು ಸುತ್ತಿನ ಅಂತರ) 1.5 ಮಿ.ಮೀ. ಇದ್ದರೆ ಒಂದು ಪೂರ್ತಿ ಸುತ್ತು ತಿರುಗಿಸಿದಾಗ ದಿನಕ್ಕೆ 29 ಸೆಕೆಂಡ್ ಆಯಿತು. ಗುಂಡು ಮೇಲೇರಿದರೆ ವೇಗ, ಇಳಿದರೆ ನಿಧಾನ. ತಿರುಗಿಸುವಾಗ ಲೋಲಕ ನಿಲ್ಲಿಸಿ, ಕಂಬಿಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿಯಿರಿ. ಕಂಬಿ ತಿರುಚಿದರೆ ಲೋಲಕವನ್ನು ಮೇಲೆ ತೂಗುಹಾಕಿದ ತೆಳು ಸ್ಪ್ರಿಂಗ್ ಪಟ್ಟಿ ಮಡಚಿಕೊಳ್ಳುತ್ತದೆ. ಮಡಚಿದ ಪಟ್ಟಿ ಮತ್ತೆ ನೆಟ್ಟಗಾಗದು, ಬದಲಿಸಲೇಬೇಕು.

ಉಳಿದ ಸೆಕೆಂಡುಗಳಿಗೆ ತೂಕ. ಕಂಬಿಯ ನಡುಮಧ್ಯದಲ್ಲಿ ಪುಟ್ಟ ತಟ್ಟೆ ಬಿಗಿದು, ನೂರು ಕೆ.ಜಿ. ಲೋಲಕಕ್ಕೆ ಹತ್ತು ಗ್ರಾಂ ಇಟ್ಟರೆ ದಿನಕ್ಕೆ ಒಂದು ಸೆಕೆಂಡಿಗೆ ಹತ್ತಿರದಷ್ಟು ವೇಗ ಹೆಚ್ಚುತ್ತದೆ. ಐವತ್ತು ಕೆ.ಜಿ.ಯದಾದರೆ ಐದು ಗ್ರಾಂ ಸಾಕು. ಹಿತ್ತಾಳೆ ವಾಷರುಗಳನ್ನು ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ, ತೂಕ ಕೆತ್ತಿಟ್ಟುಕೊಳ್ಳಿ. ಮೊದಲಿಗೇ ನಾಲ್ಕೈದು ಇಟ್ಟು ನಟ್ ಹೊಂದಿಸಿದರೆ ಮುಂದೆ ನಿಧಾನ ಮಾಡಬೇಕಾದಾಗ ತೆಗೆಯಲು ಏನಾದರೂ ಇರುತ್ತದೆ. ಇದಕ್ಕೆ ಲೋಲಕ ನಿಲ್ಲಿಸುವುದು ಬೇಡ, ಅದು ತುದಿಗೆ ಬಂದು ಹಿಂತಿರುಗುವ ಕ್ಷಣದಲ್ಲಿ ಮೆಲ್ಲಗೆ ಇಡಿ.

ಇಷ್ಟಾದರೂ ವಾರದಲ್ಲಿ ಒಂದೇ ದಿನ ಸಮಯ ತಪ್ಪುತ್ತಿದ್ದರೆ, ಆ ದಿನ ಓಟದ ಭಾರ (ಗಡಿಯಾರವನ್ನು ಓಡಿಸುವ, ಹಗ್ಗಕ್ಕೆ ಕಟ್ಟಿದ ತೂಕ) ಎಲ್ಲಿ ತೂಗುತ್ತಿದೆ ನೋಡಿ. ಭಾರದ ಹಗ್ಗ ಲೋಲಕದಷ್ಟೇ ಉದ್ದಕ್ಕೆ ಬಂದಾಗ ಭಾರವೂ ಜೊತೆಗೆ ಓಲಾಡಿ ಲೋಲಕದ ಬಲ ಕದಿಯುತ್ತದೆ. ಆ ಮಟ್ಟದಲ್ಲಿ ಭಾರ ಓಲಾಡದಂತೆ ಎರಡೂ ಬದಿಗೆ ಮರದ ಪಟ್ಟಿ ಹೊಡೆಯಿರಿ.